ಹೋಲ್ಡಾನ್ ದೊಡ್ಡಮ್ಮ ನಾಟಕ ನಿಲ್ಲಿಸಿದ್ದು

ನಮ್ಮ ದೊಡ್ಡಮ್ಮ ಬಸ್ ಕಂಡಕ್ಟರ್. ಡಿಪೋದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹೋಲ್ಡಾನ್ ಅಂತಲೇ. ಬಸ್ ನಿಲ್ಲಿಸಲು ಉಳಿದವರು ಸೀಟಿ ಊದಿದರೆ ಇವಳು ಬಾಯಲ್ಲೇ ಹಾಗೆ ಕೂಗುತ್ತಾಳೆ. ಪಕ್ಕದ ಲಾರಿಯೂ ನಿಂತುಬಿಡುತ್ತದೆ. ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಗೆಲ್ಲ ಕೇಳಿಸುತ್ತದೆ.

ಅವಳಿಗಿರುವ ಒಂದೇ ಹುಚ್ಚು ನಾಟಕ. ಬೇಸಿಗೆಯಲ್ಲಿ ಪಾರ್ಕಿನ ಬಯಲು ರಂಗಮಂದಿರದಲ್ಲಿ ಹಳೆಯ ನಾಟಕಗಳ ಉತ್ಸವ ನಡೆಯುತ್ತದೆ. ಆ ವಾರವಿಡೀ ಬೆಳಗಿನ ಪಾಳಿ ಹಾಕಿಸಿಕೊಂಡು, ಕಲ್ಲು ಮೆಟ್ಟಿಲ ಮೇಲೆ ಹಾಕಿಕೊಳ್ಳಲು ದಿಂಬು, ಒಂದು ಪೊಟ್ಟಣ ಕಡಲೆಕಾಯಿ ಹಿಡಿದು, ಬಿಸಿಲು ಇಳಿಯುವ ಮುಂಚೆಯೇ ಹಾಜರು. ಕಥೆ ಗೊತ್ತಿದ್ದರೂ ಪ್ರತಿ ಸಲ ಹೊಸದಾಗಿ ಸಿಟ್ಟಾಗುತ್ತಾಳೆ. ಕೆಟ್ಟ ಮಂತ್ರಿ ಬಂದರೆ "ಬಂದ ನೋಡು ಮನೆಹಾಳ" ಅನ್ನುತ್ತಾಳೆ. ಅವಳ ಜೊತೆ ಕೂತು ನೋಡಿದರೆ ನಾಟಕದ ರುಚಿಯೇ ಬೇರೆ.

ಈ ಸಲ ನನಗೆ ಯಾವುದೂ ರುಚಿಸಲಿಲ್ಲ. ದೊಡ್ಡಮ್ಮನ ಮಗಳು, ಅಂದರೆ ನನ್ನ ಅಕ್ಕ, ಮೂರು ತಿಂಗಳಿಂದ ತವರಿನಲ್ಲಿದ್ದಳು. ಔಷಧಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಒಂದು ದಿನ ಬಸ್ ತಪ್ಪಿ, ಅಂಗಡಿ ಮಾಲೀಕನ ಸ್ಕೂಟರಿನಲ್ಲಿ ಗಂಡನ ಮನೆಗೆ ಹೋಗಿದ್ದಳು. ಯಾರೋ ಕಡ್ಡಿಯನ್ನು ಗುಡ್ಡ ಮಾಡಿ ಅವಳ ಗಂಡನ ಕಿವಿಗೆ ಊದಿದರು. ಅವನನ್ನು ಭಾವ ಅನ್ನಲು ನನಗೆ ನಾಲಿಗೆ ಬರುವುದಿಲ್ಲ. ಆ ಹಿತ್ತಾಳೆ ಕಿವಿಯವನು ಅವಳ ಬಟ್ಟೆಬರೆಯನ್ನು ಬಾಗಿಲಾಚೆ ಇಟ್ಟ. ನಮ್ಮ ಸೋದರಮಾವ ಅವನ ಕೆನ್ನೆಗೆ ಎರಡು ಬಿಗಿಯುವುದು ಬಿಟ್ಟು ರಾಜಿ ಮಾಡಿಕೊಂಡು ಬಂದ. ಅಕ್ಕ ಅತ್ತೆಮನೆಯವರೆಲ್ಲರ ಮುಂದೆ ತಪ್ಪಾಯಿತು ಅನ್ನಬೇಕಂತೆ, ಕೆಲಸ ಬಿಡಬೇಕಂತೆ. ನಾಳೆಯೇ ಹೊರಡುವುದೆಂದು ತೀರ್ಮಾನವಾಗಿತ್ತು. ಊರಿಗೆಲ್ಲ ಬಯ್ಯುವ ದೊಡ್ಡಮ್ಮ ತಮ್ಮನ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ತಲೆಯಾಡಿಸಿದ್ದಳು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಅವತ್ತಿನ ಸಂಜೆ ಆಡಿದ್ದು, ಗಾಳಿಮಾತು ಕೇಳಿ ರಾಜ ತನ್ನ ರಾಣಿಯನ್ನು ಗಡೀಪಾರು ಮಾಡುವ ನಾಟಕ. ಅಕ್ಕನೂ ನಮ್ಮ ಜೊತೆ ಬಂದಿದ್ದಳು, ಅವಳನ್ನು ಕಾಯಲೆಂದು ಮಾವನೂ ಬಂದು ನಮ್ಮ ಸಾಲಿನಲ್ಲೇ ಕೂತಿದ್ದ. ರಾಣಿ ಮಂಡಿಯೂರಿ, ಈ ಸಭೆಯಲ್ಲಿ ನನ್ನನ್ನು ನಂಬುವವರು ಒಬ್ಬರೂ ಇಲ್ಲವೇ ಎಂದು ಕೇಳಿದಳು. ಸಭೆ ತಲೆ ತಗ್ಗಿಸಿತು. ಭಟರಿಬ್ಬರು ಅವಳನ್ನು ಎಬ್ಬಿಸಿ ಕರೆದುಕೊಂಡು ಹೊರಟರು.

"ಹೋಲ್ಡಾನ್!"

ಭಟರು ಗಕ್ಕನೆ ನಿಂತರು. ಅವರೂ ಬಸ್ಸಿನಲ್ಲಿ ಓಡಾಡುವವರೇ ತಾನೆ. ದೊಡ್ಡಮ್ಮ ಎದ್ದು ನಿಂತಿದ್ದಳು, ಮಡಿಲಿನ ಕಡಲೆಕಾಯಿ ಸಿಪ್ಪೆಯೆಲ್ಲ ಮುಂದಿನವರ ತಲೆ ಮೇಲೆ.

"ಯಾರೋ ಏನೋ ಅಂದ್ರು ಅಂತ ಕಟ್ಟಿಕೊಂಡವಳನ್ನ ಹೊರಗೆ ಹಾಕ್ತೀಯಲ್ಲೋ, ನಿನಗೆ ಸಿಂಹಾಸನ ಬೇರೆ ಕೇಡು."

ಜನ ಬಿದ್ದು ಬಿದ್ದು ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ಪಾಪದ ರಾಜ ಮಾತು ಮರೆತು ಕಿರೀಟ ಸರಿಮಾಡಿಕೊಂಡ. ಉತ್ಸವದ ಹುಡುಗಿಯೊಬ್ಬಳು ಓಡಿಬಂದು ಕೈಮುಗಿದು ಕೂರಿಸಿದಳು. ದೊಡ್ಡಮ್ಮ ಗೆದ್ದವಳ ಹಾಗೆ ನಮ್ಮ ಕಡೆ ನೋಡಿದಳು. ಅಕ್ಕ ನಕ್ಕಿರಲಿಲ್ಲ.

"ಆ ರಾಣಿ ಬಣ್ಣ ತೊಳ್ಕೊಂಡು ಮನೆಗೆ ಹೋಗ್ತಾಳೆ," ಅಂದಳು. "ಅವಳಿಗೋಸ್ಕರ ಎದ್ದು ನಿಂತೆ. ನನಗೋಸ್ಕರ ಯಾವಾಗಮ್ಮ?"

ದೊಡ್ಡಮ್ಮನ ಮುಖ ಕಪ್ಪಿಟ್ಟಿತು. ರಂಗದ ಮೇಲೆ ನಾಟಕ ಮತ್ತೆ ಶುರುವಾಗಿತ್ತು, ರಾಣಿ ಹೋಗಿಯಾಗಿತ್ತು. ದೊಡ್ಡಮ್ಮ ನನ್ನನ್ನು ಈಚೆ ಸರಿಸಿ ಮಾವನ ಪಕ್ಕ ಹೋಗಿ ಕೂತಳು.

"ನಾಳೆ ಇವಳು ಎಲ್ಲಿಗೂ ಬರಲ್ಲ. ಬೇಕಿದ್ರೆ ಅವನೇ ಬಂದು ಇವಳ ಹತ್ರ ತಪ್ಪಾಯ್ತು ಅನ್ನಲಿ. ಆಮೇಲೂ ಹೋಗೋದು ಬಿಡೋದು ಇವಳಿಷ್ಟ."

ಜನ ನೋಡುತ್ತಿದ್ದಾರೆ, ಮನೆಗೆ ಹೋಗಿ ಮಾತಾಡೋಣ ಎಂದು ಮಾವ ಹಲ್ಲು ಕಡಿದ. ಮನೆಯಲ್ಲಿ ಮಾತಾಡಿದ್ದು ಸಾಕು ಎಂದಳು ದೊಡ್ಡಮ್ಮ. ಮಾವ ದಡಕ್ಕನೆ ಎದ್ದು ಹೊರಟುಹೋದ. ಅವಳು ಮಗಳ ಪಕ್ಕಕ್ಕೆ ಬಂದು ಅವಳ ಕೈ ಹಿಡಿದಳು. ಅಕ್ಕ ಕೈ ಬಿಡಿಸಿಕೊಂಡಳು.

"ಇಷ್ಟು ಹೇಳೋಕೆ ನಿನಗೆ ಮೂರು ತಿಂಗಳು ಬೇಕಾಯ್ತು," ಅಂದಳು.