ಬೀಳುವ ಕಡೆಗೆ ಒಂದು ಕಾಲು

ಫೋಟೋದ ಕಾಕಾರ ಬಲಗೈ ಪೂರ್ತಿ ಬಿಚ್ಚಿಕೊಂಡದ್ದನ್ನು ನಾನು ಎಂದೂ ನೋಡಿರಲಿಲ್ಲ. ಚಹದ ಕಪ್ಪನ್ನು ಕೆಳಗಿಟ್ಟ ಮೇಲೂ, ಸುಮ್ಮನೆ ಕುಳಿತಿರುವಾಗಲೂ, ಕಣ್ಣಿಗೆ ಕಾಣದ ಯಾವುದೋ ಕಂಬವನ್ನು ಹಿಡಿದಂತೆ ಬೆರಳುಗಳು ಅರ್ಧ ಮಡಚಿಕೊಂಡಿರುತ್ತಿದ್ದವು. ಚಿಕ್ಕೋಡಿಯ ಪೇಟೆಯಲ್ಲಿ ಇದಕ್ಕೊಂದು ಕಾರಣ ಹೇಳುತ್ತಿದ್ದರು. ರಾಯಬಾಗದ ಕಡೆಯ ಒಂದು ಮದುವೆಯಲ್ಲಿ ಬೆಳಕಿನ ಹಲಗೆ ಹೊತ್ತ ಅವರ ಹಳೆಯ ಸ್ಟ್ಯಾಂಡು ಮದುಮಗಳ ತಲೆಯ ಮೇಲೆ ಬಿತ್ತಂತೆ, ಸೀರೆ ರಕ್ತದಲ್ಲಿ ತೊಯ್ದಿತಂತೆ, ಅಂದಿನಿಂದ ಫೋಟೋದ ಕಾಕಾರ ಕೈ ಹಾಗೆಯೇ ನಿಂತಿತಂತೆ. ಅವರು ತೀರಿಹೋದ ಮೇಲೂ ಈ ಕಥೆ ಸಾಯಲಿಲ್ಲ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಮುಂದಿನದನ್ನೆಲ್ಲ ಸ್ವತಃ ಓದಿ, ಸ್ವತಃ ನೋಡಿ ತಿಳಿದುಕೊಂಡವನು. ಹತ್ತು ಜನ ಹೇಳಿದರೆಂದು ಒಂದು ಮಾತನ್ನು ಒಪ್ಪಿಕೊಳ್ಳುವ ಸ್ವಭಾವ ನನಗಿಲ್ಲ.

ಎಂಬತ್ತರ ದಶಕದಲ್ಲಿ ಅವರ ಸ್ಟುಡಿಯೋದ ಎದುರಿಗೇ ನನ್ನ ವೆಲ್ಡಿಂಗ್ ಅಂಗಡಿಯಿತ್ತು. ಅವರಿಗೆ ಫ್ಲ್ಯಾಶ್ ಎಂದರೆ ಆಗುತ್ತಿರಲಿಲ್ಲ; ಅದು ಮುಖವನ್ನು ಸುಣ್ಣ ಬಳಿದ ಗೋಡೆ ಮಾಡುತ್ತದೆ ಎನ್ನುತ್ತಿದ್ದರು. ಪ್ಲೈವುಡ್ ಹಲಗೆಗೆ ಬೆಳ್ಳಿಬಣ್ಣದ ಕಾಗದ ಅಂಟಿಸಿ, ಬಿಸಿಲನ್ನು ಅದರ ಮೇಲೆ ಹಿಡಿದು, ನೆರಳಿನಲ್ಲಿದ್ದ ಮುಖದತ್ತ ತಿರುಗಿಸುತ್ತಿದ್ದರು. ಆ ರಿಫ್ಲೆಕ್ಟರನ್ನು ಎತ್ತಿ ನಿಲ್ಲಿಸಲು, ಅವರ ಕೈಗೆಟುಕುವ ಬೆಲೆಯ, ಗಾಳಿಗೆ ಅಲುಗದ ಒಂದು ಹೊಸ ಸ್ಟ್ಯಾಂಡು ಬೇಕಾಗಿತ್ತು. ಅದಕ್ಕಾಗಿ ಅವರು ಅಲೆದಷ್ಟು ಜನ ಹೆಣ್ಣು ನೋಡಲೂ ಅಲೆಯುವುದಿಲ್ಲ.

ಕೊಲ್ಹಾಪುರದಿಂದ ಒಂದು ಅಲ್ಯುಮಿನಿಯಂ ಸ್ಟ್ಯಾಂಡನ್ನು ನೋಡಲೆಂದು ತಂದರು. ನನ್ನ ಅಂಗಡಿಯಲ್ಲಿ ನಿಲ್ಲಿಸಿ, ಮೇಲೆ ಹಲಗೆ ಕಟ್ಟಿ, ರಟ್ಟಿನಿಂದ ಒಮ್ಮೆ ಬೀಸಿದರು. ಅದು ತೂರಾಡಿತು. ಅವರು ಮತ್ತೆ ಬೀಸದೆ ಅದನ್ನು ಮಡಚಿಟ್ಟರು. ನಿಪ್ಪಾಣಿಯ ಹಳೇ ಸಾಮಾನಿನ ಅಂಗಡಿಯಿಂದ ದವಾಖಾನೆಯ ಸಲಾಯಿನ್ ಸ್ಟ್ಯಾಂಡು ಬಂತು. ಅದರ ಗಾಲಿಗಳು ಯಾರೂ ಮುಟ್ಟದೆಯೇ ಓಡುತ್ತಿದ್ದವು. ಮೈಕಿನ ಸ್ಟ್ಯಾಂಡಿನ ಬುಡ ಗಟ್ಟಿಯಾಗಿತ್ತು, ಎತ್ತರ ಸಾಲಲಿಲ್ಲ. ಕೊನೆಗೆ ಅಥಣಿಯ ಕಡೆ ದ್ರಾಕ್ಷಿ ಬಳ್ಳಿ ಹಬ್ಬಿಸಲು ಹೂಳುವ ಕಬ್ಬಿಣದ ಆಂಗಲ್‌ಗಳಲ್ಲಿ ಉಳಿಕೆ ತುಂಡುಗಳನ್ನು ತಂದು ನನ್ನ ಮುಂದೆ ಸುರಿದರು.

“ಮೇಸ್ತ್ರಿ, ಮೂರು ಕಾಲು ಮಾಡ್ರಿ. ಒಂದ ಕಾಲು ಉದ್ದ ಇರ್ಲಿ.”

“ಗಾಳಿ ಬರೂ ಕಡೆ ಚಾಚಾಕೇನ್ರಿ?”

“ಅಲ್ಲರಿ. ಬೀಳೂ ಕಡೆ. ಕೂತ ಮಂದಿ ಕಡೆ.”

ನಾನು ವಾದಕ್ಕೆ ನಿಂತೆ. ಬೀಳುವ ಗೋಡೆಗೆ ಆ ಕಡೆಯಿಂದಲೇ ಆಸರೆ ಕೊಡುವುದಲ್ಲವೇ, ಗಾಳಿಯ ಕಡೆ ಕೊಡುತ್ತಾರೆಯೇ ಎಂದು ಅವರು ಕೇಳಿದರು. ಆದರೂ ನಾನು ಒಪ್ಪಲಿಲ್ಲ. ಬೆಸುಗೆ ಹಾಕಿದ ಮೇಲೆ ನಾನೇ ತಳ್ಳಿ ನೋಡಿ ಒಪ್ಪಿದೆ. ಹಿಂದಿನ ಕಾಲುಗಳಿಗೆ ಗೊಬ್ಬರದ ಚೀಲದಲ್ಲಿ ಮರಳು ತುಂಬಿ ಕಟ್ಟುವುದೆಂದಾಯಿತು. ಸ್ಟ್ಯಾಂಡು ನೋಡಲು ಕುರೂಪವಾಗಿತ್ತು. ಅದನ್ನು ಹೊರಲು ಇಬ್ಬರು ಬೇಕಾಗಿತ್ತು. ಹೀಗಾಗಿ ಅವರ ಜೊತೆ ಊರೂರು ತಿರುಗುವ ಎರಡನೆಯವನು ನಾನಾದೆ.

ಸದಲಗಾದ ಒಂದು ಮನೆಯ ಅಂಗಳವನ್ನು ನಾನು ಮರೆಯಲಾರೆ. ನಮ್ಮ ಕಡೆ ಮರಿಮೊಮ್ಮಗನ ಮುಖ ನೋಡಿದ ಮುತ್ತಜ್ಜಿಯ ತಲೆಯ ಮೇಲೆ ಬಂಗಾರದ ಸಣ್ಣ ಹೂಗಳನ್ನು ಸುರಿಯುವ ಪದ್ಧತಿಯುಂಟು. ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಆ ಮುದುಕಿ ತಗಡಿನ ನೆರಳಿನಲ್ಲಿ ಕುಳಿತಿದ್ದಳು. ದೂಧಗಂಗೆಯ ಕಡೆಯಿಂದ ಗಾಳಿ ಬಿಟ್ಟುಬಿಟ್ಟು ನುಗ್ಗುತ್ತಿತ್ತು. ಕಾಕಾ ಸ್ಟ್ಯಾಂಡಿನ ಕಾಲನ್ನು ತಿರುಗಿಸಿದರು, ಮರಳಿನ ಚೀಲವನ್ನು ಬಿಗಿದರು, ಬಂದು ಕ್ಯಾಮರಾದಲ್ಲಿ ಕಣ್ಣಿಟ್ಟರು, ಮತ್ತೆ ಹೋಗಿ ಚೀಲ ಮುಟ್ಟಿ ನೋಡಿದರು. ಅವರ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು.

“ಏನ್ ಕಾಕಾ, ಫೋಟೋ ತಗಿಯಾಕ ಬಂದೀರೋ, ದ್ರಾಕ್ಷಿ ಹಚ್ಚಾಕ ಬಂದೀರೋ?” ಎಂದು ಮನೆಯ ಯಜಮಾನ ನಕ್ಕ.

“ಗಾಳಿ ಒಂದೀಟು ನಿಂದ್ರಲಿ ತಡೀರಿ.”

“ಗಾಳಿ ನಿಲ್ಲೂತನಕ ನಾ ಉಳೀಬೇಕಲ್ಲೋ ಯಪ್ಪಾ! ಲಗೂನ ತಗಿ,” ಎಂದಳು ಮುದುಕಿ. ಅಂಗಳವೆಲ್ಲ ನಕ್ಕಿತು. ಕಾಕಾ ಒಬ್ಬರು ನಗಲಿಲ್ಲ.

ಹೂ ಸುರಿದರು. ಗಾಳಿಯನ್ನೇ ಕಾಯುತ್ತಿದ್ದ ನಾವಿಬ್ಬರೂ ಒಂದನ್ನು ಯೋಚಿಸಿರಲಿಲ್ಲ: ಬಿದ್ದದ್ದು ಬಂಗಾರ. ಹೆಂಗಸರು, ಮಕ್ಕಳು ಒಮ್ಮೆಲೇ ಆಯ್ದುಕೊಳ್ಳಲು ಬಗ್ಗಿದರು. ಯಾರದೋ ಬೆನ್ನು ಸ್ಟ್ಯಾಂಡಿನ ಕಂಬಕ್ಕೆ ತಾಗಿತು. ಅದೇ ಕ್ಷಣಕ್ಕೆ ಗಾಳಿಯೂ ಹಲಗೆಯ ಹಿಂದೆ ಹೊಕ್ಕಿತು. ಮರಳಿನ ಚೀಲಗಳು ನೆಲ ಬಿಟ್ಟು ಏಳುವುದನ್ನು ನಾನು ಕಂಡೆ. ಕೂಸಿನ ನೆತ್ತಿಯ ಮೇಲೆ ಹಲಗೆಯ ನೆರಳು ಬಂತು. ನನ್ನ ಕಾಲು ಕೀಳಲಿಲ್ಲ. ಕಾಕಾ ಕ್ಯಾಮರಾವನ್ನು ಅಲ್ಲಿಯೇ ಬಿಟ್ಟು ಕೈ ಚಾಚಿ ಓಡಿದರು. ಅವರು ಮುಟ್ಟುವ ಮೊದಲೇ ಉದ್ದದ ಕಾಲು ಮಣ್ಣಿನಲ್ಲಿ ಕಚ್ಚಿಕೊಂಡಿತು. ಸ್ಟ್ಯಾಂಡು ಒಂದು ಉಸಿರಿನಷ್ಟು ಹೊತ್ತು ಹಾಗೆಯೇ ವಾಲಿ ನಿಂತು, ಹಿಂದಕ್ಕೆ ಮರಳಿ ಚೀಲಗಳ ಮೇಲೆ ಧೊಪ್ಪನೆ ಕುಳಿತಿತು. ಜನ ಇನ್ನೂ ಹೂವು ಹುಡುಕುತ್ತಿದ್ದರು. ಯಾರೂ ತಲೆಯೆತ್ತಲಿಲ್ಲ. ಕೂಸು ಹೊಳೆಯುವ ಹಲಗೆಯನ್ನು ನೋಡಿ ಕೇಕೆ ಹಾಕುತ್ತಿತ್ತು.

ಮರಳುವಾಗ ಬಸ್ಸಿಗೆ ಕಾಯುತ್ತ ನಿಂತಲ್ಲಿಯೂ ಅವರು ಸ್ಟ್ಯಾಂಡಿನ ಕಂಬವನ್ನು ಹಿಡಿದೇ ಇದ್ದರು. ಆಗ ನಾನು ರಾಯಬಾಗದ ಮದುವೆಯ ಬಗ್ಗೆ ನೇರವಾಗಿ ಕೇಳಿದೆ.

“ಬಿದ್ದಿಲ್ಲರಿ ಅದು,” ಎಂದರು. “ಬೀಳಾಕತ್ತಿತ್ತು. ಹಿಡದೆ. ಇವತ್ತಿನಂಗ ಅವತ್ತೂ ಯಾರೂ ನೋಡ್ಲಿಲ್ಲ. ಆ ಹುಡುಗಿ ನಗಾಕತ್ತಿದ್ಲು. ಆ ನಗೀನ ನನಗ ಕನಸಿನ್ಯಾಗ ಬರತೈತಿ, ಮೇಸ್ತ್ರಿ.”

“ಮತ್ತ ಮಂದಿ ಬಿತ್ತು, ರಕ್ತ ಬಂತು ಅಂತಾರಲ್ರಿ? ಸುಳ್ಳು ಅಂತ ನೀವ್ಯಾಕ ಹೇಳೂದಿಲ್ಲ?”

“ಅನ್ಲಿ ಬಿಡ್ರಿ. ಬಿದ್ದೈತಿ ಅಂದ್ರ ಮಂದಿ ದೂರ ನಿಲ್ತಾರ.”

ಸುಳ್ಳುಗಳನ್ನು ಅಲ್ಲಗಳೆಯುವುದೇ ದೊಡ್ಡತನವೆಂದು ನಾನು ತಿಳಿದಿದ್ದೆ. ತಮ್ಮ ಹೆಸರು ಕೆಟ್ಟರೂ ಸರಿ, ಯಾರದೋ ಮನೆಯ ಕೂಸು ಎರಡು ಹೆಜ್ಜೆ ಆಚೆ ಕುಳಿತಿರಲಿ ಎಂದು ಅವರು ಬಯಸಿದ್ದರು. ಅವರ ಭಯ ಆ ದಿನ ನನಗೂ ಅಂಟಿತು. ಮುಂದೆ ನಾನು ಮಾಡಿದ ಪ್ರತಿ ತೊಟ್ಟಿಲಿನ ಕೊಂಡಿಗೂ, ಮಹಡಿಯ ಅಂಚಿಗೆ ಕಟ್ಟುವ ಪ್ರತಿ ಕಟಾಂಜನಕ್ಕೂ, ಬೆಸುಗೆ ಹಾಕುವ ಮೊದಲು ಅದು ಯಾರ ಮೇಲೆ ಬಿದ್ದೀತೆಂದು ನೋಡಿಕೊಂಡೆ.

ತೊಂಬತ್ತರ ದಶಕದ ಕೊನೆಗೆ ಅವರು ದವಾಖಾನೆ ಸೇರಿದರು. ಒಂದು ಮಧ್ಯಾಹ್ನ ನಾನು ಹೋದಾಗ ಅವರ ಮಾತು ನಿಂತಿತ್ತು. ಮಂಚದ ಪಕ್ಕದಲ್ಲಿ ಸಲಾಯಿನ್ ಸ್ಟ್ಯಾಂಡು. ಅದರ ಬುಡಕ್ಕೆ ಹಾಸಿದ ಚಾಪೆಯ ಮೇಲೆ ಅವರ ಪುಟ್ಟ ಮೊಮ್ಮಗಳು ಮಲಗಿದ್ದಳು. ಕಿಟಕಿಯಿಂದ ಗಾಳಿ ಬಂದಾಗಲೆಲ್ಲ ಮೇಲೆ ತೂಗುವ ಬಾಟಲಿ ಅಲುಗುತ್ತಿತ್ತು. ಅವರ ಕಣ್ಣು ಬಾಟಲಿಯಿಂದ ಕೂಸಿಗೆ, ಕೂಸಿನಿಂದ ಬಾಟಲಿಗೆ ಓಡಾಡುತ್ತಿತ್ತು. ಅರ್ಧ ಮಡಚಿದ ಆ ಕೈ ಹಾಸಿಗೆಯ ಮೇಲೆ ಒದ್ದಾಡುತ್ತಿತ್ತು. ನನಗೆ ತಿಳಿಯಿತು. ಹೋಗಿ ಕಂಬವನ್ನು ಗಟ್ಟಿಯಾಗಿ ಹಿಡಿದು ನಿಂತೆ.

“ಹಿಡದೀನ್ರಿ ಕಾಕಾ,” ಎಂದೆ.

ಅವರು ನನ್ನ ಕೈಯನ್ನು ನೋಡಿದರು. ಅವರ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ಎಷ್ಟೋ ಹೊತ್ತಿನ ಮೇಲೆ ನರ್ಸ್ ಬಂದು ನಾಡಿ ನೋಡಿದರು, ಸೂಜಿಯನ್ನು ತೆಗೆದರು, ನನ್ನತ್ತ ತಿರುಗಿ ಮೆಲ್ಲಗೆ ಹೇಳಿದರು: “ಇನ್ನ ಬಿಡ್ರಿ ಅಣ್ಣಾರ. ಅದೇನ ಬೀಳೂದಿಲ್ಲ.”

ನಾನು ಬಿಡಲಿಲ್ಲ. ಕೆಳಗೆ ಕೂಸು ಇನ್ನೂ ಮಲಗಿತ್ತು.