ಮಾಮಾ ಹೊಳೆಗಿಳಿಯುವ ರವಿವಾರ

ನನ್ನ ಸೋದರಮಾವನ ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ನಕ್ಕರೆ ಎರಡೂ ತುಂಡು ಬೇರೆ ಬೇರೆ ಅಲ್ಲಾಡುತ್ತಿದ್ದವು. ಅದನ್ನು ನೋಡಲೆಂದೇ ಚಿಕ್ಕವಳಿದ್ದಾಗ ನಾನು ಮಾಮಾನನ್ನು ನಗಿಸುತ್ತಿದ್ದೆ. ಸೀಳಿದವಳು ಬೇರೆ ಯಾರೂ ಅಲ್ಲ, ನಮ್ಮವ್ವ. ಕುಡಚಿ ಹತ್ತಿರದ ಹೊಳೆದಂಡೆಯ ಹಳ್ಳಿ ಅವಳ ತವರು. ಹುಡುಗನಾಗಿದ್ದ ಮಾಮಾ ಕೃಷ್ಣೆಯಲ್ಲಿ ಕಾಲು ಜಾರಿ ಮುಳುಗುವಾಗ ಅಕ್ಕನ ಕೈಗೆ ಸಿಕ್ಕಿದ್ದು ಅವನ ಕಿವಿಯಲ್ಲಿದ್ದ ಚಿನ್ನದ ಒಂಟಿ. ಎಳೆದಳು. ಕಿವಿ ಹರಿಯಿತು, ಅಷ್ಟರಲ್ಲಿ ಕೂದಲು ಕೈಗೆ ಸಿಕ್ಕಿತು, ತಮ್ಮ ಉಳಿದ. ಇನ್ನೆಂದೂ ನೀರಿಗಿಳಿಯುವುದಿಲ್ಲ ಎಂದು ಅಲ್ಲೇ ದಂಡೆಯ ಮೇಲೆ ಆಣೆ ಮಾಡಿಸಿಕೊಂಡಳಂತೆ.

ಅಂಥವನು ಬೆಳೆದು ಏನಾದ ಹೇಳಿ? ಬ್ಯಾಪ್ಟಿಸ್ಟ್ ಪಾದ್ರಿಯಾದ! ಮೀರಜ ಕಡೆ ಓದಲು ಹೋದವನು ಆ ಸಭೆ ಸೇರಿ, ಆಫ್ರಿಕಾದ ಜಾಂಬಿಯಾ ದೇಶಕ್ಕೆ ಹೊರಟುಹೋದ. ಆ ಪಂಥದಲ್ಲಿ ತಲೆಗೆ ನಾಲ್ಕು ಹನಿ ಚಿಮುಕಿಸಿದರೆ ನಡೆಯುವುದಿಲ್ಲ. ದೀಕ್ಷೆ ಪಡೆಯುವವರನ್ನು ಪೂರ್ತಿ ಮುಳುಗಿಸಿ ಎತ್ತಬೇಕು, ಪಾದ್ರಿಯೂ ಸೊಂಟಮಟ್ಟ ನೀರಿಗಿಳಿಯಬೇಕು. ಅವನ ಸಭೆಗೆ ಇದ್ದದ್ದು ಊರಾಚೆಯ ಹೊಳೆ. ಹೊಳೆಯಲ್ಲಿ ಮೊಸಳೆ. ಮಾಮಾನಿಗೆ ಈಜು ಬಾರದು.

ಅವ್ವನ ತಮ್ಮ ಧರ್ಮ ಬಿಟ್ಟ ಎಂದು ನಮ್ಮೂರು ಕರೋಶಿಯ ಓಣಿಯವರು ಏನೇನೋ ಅಂದರು. ಅವ್ವ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳ ಜಗಳ ಬೇರೆ.

“ಯಾ ದೇವರನ್ನರ ನೆನಿ ತಮ್ಮಾ, ದಂಡಿ ಮ್ಯಾಲ ನಿಂತ ನೆನಿ. ಅಲ್ಲಿ ಮೊಸಳಿ ನಮ್ಮ ಹೊಳಿ ಮೊಸಳಿಯಂಗ ಶಾಣ್ಯಾ ಇರತಾವೇನ?”

“ಎಲ್ಲಿ ಶಾಣ್ಯಾ ಅಕ್ಕಾ, ಅವಕ್ಕ ಕನ್ನಡಾನ ಬರಂಗಿಲ್ಲ,” ಎಂದು ಮಾಮಾ ನಕ್ಕ. ಅವ್ವ ನಗಲಿಲ್ಲ.

ಕಡೆಗೊಂದು ಒಪ್ಪಂದವಾಯಿತು. ದೀಕ್ಷಾಸ್ನಾನವಿದ್ದ ರವಿವಾರ ಹೊಳೆಯಿಂದ ಮೇಲೆ ಬಂದ ಕೂಡಲೇ ಅವನು ಫೋನ್ ಮಾಡಬೇಕು. ಅಲ್ಲಿಯತನಕ ಅವ್ವ ಉಣ್ಣುವುದಿಲ್ಲ. ಅಲ್ಲಿ ಬೆಳಗಿನ ಆರಾಧನೆ ಮುಗಿಯುವಷ್ಟರಲ್ಲಿ ಇಲ್ಲಿ ಮಧ್ಯಾಹ್ನ ದಾಟಿರುತ್ತಿತ್ತು. ಆಗಷ್ಟೇ ಮನೆಗೆ ಬಂದಿದ್ದ ಮೊಬೈಲನ್ನು ಉಡಿಯಲ್ಲಿಟ್ಟುಕೊಂಡು ಕೂಡುತ್ತಿದ್ದಳು.

“ಬಂದ್ಯಾ ಮ್ಯಾಲ?”

“ಬಂದೆ ಅಕ್ಕಾ.”

“ಹೋಗು, ತಲಿ ಒರಸ್ಕೊ.”

ಅಷ್ಟೇ ಮಾತು. ಆಮೇಲೆ ನಮ್ಮ ಮನೆಯಲ್ಲಿ ಊಟದ ತಾಟಿನ ಸಪ್ಪಳವಾಗುತ್ತಿತ್ತು.

ಊರಿಗೆ ಬಂದು ವಾಪಸು ಹೋಗುವಾಗ ಮಾಮಾನ ಪೆಟ್ಟಿಗೆ ತುಂಬ ಶೇಂಗಾ ಚಟ್ನಿ, ಅಗಸಿ ಚಟ್ನಿ. ಗೋವಿನಜೋಳದ ಹಿಟ್ಟಿನಲ್ಲಿ ತಾನೇ ರೊಟ್ಟಿ ಬಡಿದು ಅಲ್ಲಿಯವರಿಗೆ ಉಣಿಸುತ್ತಿದ್ದನಂತೆ. “ಸುವಾರ್ತಿ ಆಮ್ಯಾಲ, ಮೊದಲ ಚಟ್ನಿ ಕೊಡ್ರಿ ಅಂತಾರ,” ಎನ್ನುತ್ತಿದ್ದ. ನಿಮ್ಮಕ್ಕನಿಗೆ ಯಾಕೆ ದೀಕ್ಷೆ ಕೊಡಲಿಲ್ಲ ಎಂದು ಯಾರೋ ಕೆಣಕಿದರೆ, “ಆಕಿನ್ನ ನೀರಿಗಿಳಸಾಕ ದೇವರಿಗೂ ಧೈರ್ಯ ಇಲ್ರಿ,” ಎಂದುಬಿಟ್ಟ. ನನಗೊಬ್ಬಳಿಗೇ ಒಮ್ಮೆ ಹೇಳಿದ್ದ: “ಹೊಳಿಗಿಳದಾಗ ಎಲ್ಲಾರೂ ನನ್ನ ಕೈ ಹಿಡಿತಾರ ಅಂತ ತಿಳ್ಕೊಂಡಾರ ಪೋರಿ. ಖರೇ ಅಂದ್ರ ಅವರ ಕೈ ನಾ ಹಿಡದಿರತೇನಿ. ನಿಮ್ಮವ್ವಗ ಹೇಳಬ್ಯಾಡ.”

ಒಂದು ರವಿವಾರ ಫೋನ್ ಬರಲಿಲ್ಲ. ನಾವೇ ಹಚ್ಚಿದರೆ ಬಂದ್ ಇದೆ ಎನ್ನುತ್ತಿತ್ತು. ಅಪ್ಪ ಒಳಗೂ ಹೊರಗೂ ಅಡ್ಡಾಡಿದ. ಅವ್ವ ಅಳಲಿಲ್ಲ, ತನ್ನ ಎಡಗಿವಿಯನ್ನು ತಾನೇ ಹಿಸುಕುತ್ತ ಕೂತಳು. ದನ ಮನೆಗೆ ಬರುವ ಹೊತ್ತಿಗೆ ಯಾವುದೋ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ಅಕ್ಕಾ, ಮ್ಯಾಲ ಬರತಿದ್ದಂಗ ನಿನಗ ಹಚ್ಚಬೇಕಂತ ಫೋನ್ ಕಿಸೇದಾಗ ಇಟ್ಕೊಂಡ ಇಳದಿದ್ನೆ! ಅದಕ್ಕೂ ದೀಕ್ಷಾ ಆತು. ನಿನ್ನ ನಂಬರ್ ಅದರಾಗ ಇತ್ತು. ಹಳೇ ಡೈರಿ ಹುಡಕಿ, ಮಂದಿ ಫೋನ್ ಬೇಡ್ಕೊಂಡ…”

ಅವ್ವ ಬಾಯಿಗೆ ಬಂದಂತೆ ಬೈದಳು. ಮರಾಠಿಯಲ್ಲೂ ಬೈದಳು. ಬೈಯುತ್ತ ಬೈಯುತ್ತ ಗಳಗಳ ಅತ್ತಳು. ನಮಗೆಲ್ಲ ಹೋದ ಜೀವ ಬಂದಂತಾಗಿ ಅಪ್ಪ, ನಾನು ಬಿದ್ದು ಬಿದ್ದು ನಕ್ಕೆವು. ಅಂದಿನ ಆರಿದ ರೊಟ್ಟಿಯ ರುಚಿ ನನಗೆ ಯಾವ ಹಬ್ಬದೂಟದಲ್ಲೂ ಸಿಕ್ಕಿಲ್ಲ.

ಕೆಲವು ವರ್ಷಗಳ ಮೇಲೆ ಹೃದಯದ ಬೇನೆ ಬಂದು ಮಾಮಾ ಊರಿಗೆ ಮರಳಿದ. ಮದುವೆಯಾಗಿರಲಿಲ್ಲ, ನಮ್ಮ ಮನೆಯಲ್ಲೇ ಉಳಿದ. ನಿಪ್ಪಾಣಿಯ ಡಾಕ್ಟರು ಹೃದಯಕ್ಕೆ ಭಾರವಾಗುತ್ತದೆ, ನೀರು ಕಮ್ಮಿ ಕುಡಿಯಿರಿ ಎಂದಾಗ ಅವ್ವ ಗೆದ್ದವಳಂತೆ, “ಕೇಳಿದ್ಯಾ? ನಾ ಏನ ಹೇಳತಿದ್ದೆ!” ಎಂದಳು. ಒಂದು ಮಧ್ಯಾಹ್ನ, ಮಂಚದ ಮೇಲೆ, ಅಕ್ಕನ ಕೈಯಿಂದ ಚಮಚೆ ನೀರು ಕುಡಿದು ಕಣ್ಣು ಮುಚ್ಚಿದ. ಹೊಳೆಯಲ್ಲಲ್ಲ, ಮೊಸಳೆಯ ಬಾಯಲ್ಲಲ್ಲ. ದುಃಖದ ನಡುವೆಯೂ ನನಗೆ ಅದೇ ದೊಡ್ಡ ಸಮಾಧಾನ.

ಮೀರಜದಿಂದ ಸಭೆಯವರು ಬಂದು ಪ್ರಾರ್ಥನೆ ಮಾಡಿದರು. ಮಣ್ಣು ಮಾಡುವ ಜಾಗವನ್ನು ನಮ್ಮ ಹೊಲದಲ್ಲಿ ಅವ್ವನೇ ತೋರಿಸಿದಳು: “ಬಾವಿ ಕಡೆ ಬ್ಯಾಡ್ರಿ. ದಿಬ್ಬದ ಮ್ಯಾಲ ಇಡ್ರಿ.”

ಮನೆಗೆ ಬಂದಾಗ ನೆರೆಯವರು ರೊಟ್ಟಿ, ಪಲ್ಯ ತಂದಿಟ್ಟಿದ್ದರು. ಅವ್ವ ಈಗ ಎಷ್ಟು ದಿನ ಉಪವಾಸ ಕೂಡುವಳೋ ಎಂದು ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು. ಅವಳು ಕೈ ತೊಳೆದುಕೊಂಡು ಬಂದು ಗೋಡೆಗೆ ಆತು ಕೂತಳು.

“ತಾಟ ಹಚ್ಚ ಪೋರಿ,” ಎಂದಳು. “ಇನ್ನ ಅಂವ ನೀರಿಗಿಳಿಯಂಗಿಲ್ಲ.”