ಅತ್ತೆಯ ಹಳೇ ಕಾರು, ಸೊಸೆಯ ರೇಸು

ಆವ್ರಿಲ್ ಡೌಸ್ ಹೊಲಿದ ಮೆತ್ತೆಯ ಮೇಲೆ ಕೂತವರಿಗೆ ಎದ್ದು ಮನೆಗೆ ಹೋಗುವ ಮನಸ್ಸಾಗುವುದಿಲ್ಲ ಎಂದು ನಮ್ಮ ಆಲ್ಫರ್ಡಿನಲ್ಲಿ ಒಂದು ಮಾತಿತ್ತು. ಶಾಲೆ ಬಿಟ್ಟ ವರ್ಷವೇ ಅವಳು ಕ್ಯಾರವಾನ್ ಕಾರ್ಖಾನೆಗೆ ಸೇರಿದ್ದಳು. ರಜೆಗೆ ಸಮುದ್ರದ ಕಡೆ ಹೊರಟವರು ಕಾರಿನ ಬೆನ್ನಿಗೆ ಕಟ್ಟಿಕೊಂಡು ಎಳೆದೊಯ್ಯುವ ಆ ಗಾಲಿಮನೆಗಳಿಗೆ ಸೋಫಾ, ಹಾಸಿಗೆ, ಪರದೆ ಹೊಲಿಯುವುದು ಅವಳ ಕೆಲಸ. ಅವಳ ಯಂತ್ರ ಕಿಟಕಿಯ ಪಕ್ಕದ್ದು. ಕಿಟಕಿಯಾಚೆ ಎಲೆಕೋಸಿನ ಹೊಲ, ಅದರಾಚೆ ಇನ್ನೊಂದು ಎಲೆಕೋಸಿನ ಹೊಲ, ಅದರಾಚೆ ಆಕಾಶ. ಐವತ್ತು ದಾಟಿದರೂ ಅವಳಿಗೆ ಅದರಿಂದ ಬೇಸರವೇನೂ ಬಂದಿರಲಿಲ್ಲ. ಕೈ ತುಂಬ ಕೆಲಸ, ಬಾಯಿ ತುಂಬ ಮಾತು, ಮನೆಗೆ ಹೋದರೆ ಗಂಡ ರಾಯ್‌ಸ್ಟನ್.

ರಾಯ್‌ಸ್ಟನ್ ಊರ ಶಾಲೆಯ ಕಟ್ಟಡ ನೋಡಿಕೊಳ್ಳುತ್ತಿದ್ದ. ಸಂಬಳ ಶಾಲೆಯದಾದರೂ ಜೀವ ಮಾತ್ರ ಈರುಳ್ಳಿಯದು. ಅಡುಗೆಗೆ ಹಾಕುವ ಈರುಳ್ಳಿಯಲ್ಲ. ಸೆಪ್ಟೆಂಬರಿನ ಪ್ರದರ್ಶನದಲ್ಲಿ ಇಡುವ, ಮಗುವಿನ ತಲೆಯಷ್ಟು ದಪ್ಪನೆಯ ಈರುಳ್ಳಿ. ಅವುಗಳನ್ನು ಒಣಗಿಸಲು ಅವನಿಗೆ ಮನೆಯ ಗ್ಯಾರೇಜು ಬೇಕಿತ್ತು. ಅಲ್ಲಿ ಕಾರು ನಿಂತದ್ದನ್ನು ಯಾರೂ ಕಂಡಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಕಾರ್ಖಾನೆಯ ಬೆಸುಗೆ ವಿಭಾಗದ ಕೆಲ್ವಿನ್ ಬ್ರಾಕಲ್ಸ್‌ಬಿ ಎರಡು ತಗಡಿನ ಬುಟ್ಟಿಗಳನ್ನು ತಂದು ಆವ್ರಿಲ್‌ಳ ಮೇಜಿನ ಮೇಲಿಟ್ಟ.

"ಇವಕ್ಕೆ ಮೆತ್ತೆ ಹೊಲ್ಕೊಡ್ತೀಯಾ?"

"ನಾಯಿ ಮಲಗ್ಸೋಕಾ?"

"ಅಯ್ಯೋ, ಸೀಟು ಕಣೇ ಇವು! ನನ್ನ ಕಾರಿನ ಸೀಟು!"

ಕಾರು ಅವನು ಕೊಂಡದ್ದಲ್ಲ, ಕಟ್ಟಿದ್ದು. ಹಳೆಯ ಕಾರೊಂದರಿಂದ ಎಂಜಿನ್, ಗೇರ್ ಬಾಕ್ಸ್, ಆಕ್ಸೆಲ್ ಬಿಚ್ಚಿಕೊಳ್ಳುವುದು. ಚೌಕ ಕೊಳವೆಗಳನ್ನು ಬೆಸೆದು ಚೌಕಟ್ಟು ಮಾಡುವುದು. ಮೈಗೆ ಅಲ್ಯೂಮಿನಿಯಂ ತಗಡು ಹೊದಿಸುವುದು. ಮೂತಿ, ಮಡ್‌ಗಾರ್ಡು ಮುಂತಾದ ಕೈಯಲ್ಲಾಗದ ಭಾಗಗಳನ್ನು ಮಾತ್ರ ಕಿಟ್ ಮಾರುವವರಿಂದ ತರಿಸುವುದು. ಬಾಗಿಲಿಲ್ಲ, ಸೂರಿಲ್ಲ. ಹೀಗೆ ಕಟ್ಟಿಕೊಂಡವರೆಲ್ಲ ಸೇರಿ ಭಾನುವಾರ ರೇಸು ಓಡಿಸುತ್ತಿದ್ದರು. ಅವರಲ್ಲಿ ಪ್ಲಂಬರುಗಳಿದ್ದರು, ಮೇಷ್ಟ್ರುಗಳಿದ್ದರು, ಅಂಚೆಯವರಿದ್ದರು. ಎಲ್ಲರ ಎಂಜಿನ್ನೂ ಒಂದೇ ಅಳತೆಯದಾಗಿರಬೇಕು ಎಂಬ ನಿಯಮವಿದ್ದುದರಿಂದ ದುಡ್ಡಿದ್ದವನು ದುಡ್ಡಿನಿಂದಲೇ ಗೆಲ್ಲುವ ಹಾಗಿರಲಿಲ್ಲ.

ಮೆತ್ತೆಯ ಅಳತೆ ನೋಡಲು ಆವ್ರಿಲ್ ಕೆಲ್ವಿನ್‌ನ ಮನೆಗೆ ಹೋದಳು, ಕಾರಿನೊಳಗೆ ಇಳಿದು ಕೂತಳು. ಕೂತವಳನ್ನು ಅವನು ಹಾಗೇ ಒಂದು ಸುತ್ತು ಕರೆದುಕೊಂಡು ಹೋದ. ನೆಲ ಒಂದು ಗೇಣು ಕೆಳಗೆ, ಎರಡೂ ಕಡೆ ಬೇಲಿ, ಮುಖಕ್ಕೆ ಬಡಿಯುವ ಗಾಳಿ. ತಿರುವಿನಲ್ಲಿ ಕೈ ಚಾಚಿದ್ದರೆ ಹುಲ್ಲು ಕಿತ್ತುಕೊಳ್ಳಬಹುದಿತ್ತು. ಆಲೂಗಡ್ಡೆ ಲಾರಿ ಓಡಿಸುತ್ತಿದ್ದವನ ಮಗಳು ಅವಳು. ಲಂಗ ಹಾಕುವ ವಯಸ್ಸಿನಲ್ಲೇ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿದ್ದಳು. ಆದರೆ ಇಳಿಯಲು ಮನಸ್ಸಿಲ್ಲದೆ ಇನ್ನೊಂದು ಸುತ್ತು ಕೇಳಿದ್ದು ಅದೇ ಮೊದಲು.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. "ರಾಯ್, ನಾನೊಂದು ಕಾರು ಕಟ್ತೀನಿ."

"ಕಾರು ಕೊಳ್ತೀನಿ ಅಂತಾರೆ ಜನ. ಕಟ್ತೀನಿ ಅಂತ ಯಾರಂತಾರೆ?"

"ನಾನಂದೆ, ಈಗ."

"ಎಲ್ಲಿ ಕಟ್ತೀಯ?"

ಆವ್ರಿಲ್ ಸುಮ್ಮನೆ ಗ್ಯಾರೇಜಿನ ಕಡೆ ನೋಡಿದಳು. ರಾಯ್‌ಸ್ಟನ್‌ನ ಫೋರ್ಕು ತಟ್ಟೆಯ ಮೇಲೆ ಬಿತ್ತು.

"ನನ್ನ ಈರುಳ್ಳಿ?"

ಈರುಳ್ಳಿ ಅತಿಥಿಗಳ ಕೋಣೆಗೆ ಹೋಯಿತು. ಆ ಚಳಿಗಾಲ ಮನೆಗೆ ಬಂದ ಸಂಬಂಧಿಕರೆಲ್ಲ ಕಣ್ಣೊರೆಸಿಕೊಳ್ಳುತ್ತಲೇ ಬೀಳ್ಕೊಂಡರು.

ಇನ್ನು ಬೇಕಾದದ್ದು ಬಿಚ್ಚಿಕೊಳ್ಳಲು ಒಂದು ಹಳೇ ಕಾರು. ಅದು ಎಲ್ಲಿದೆ ಎಂದು ಆವ್ರಿಲ್‌ಗೆ ಗೊತ್ತಿತ್ತು, ಕೇಳುವ ಧೈರ್ಯವಿರಲಿಲ್ಲ. ಅತ್ತೆ ಡಲ್ಸಿಯ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕಂದು ಬಣ್ಣದ ಎಸ್ಕಾರ್ಟ್ ಕಾರೊಂದು ಕಂಬಳಿ ಹೊದ್ದು ನಿಂತಿತ್ತು. ಡಲ್ಸಿಗೆ ಎಂಬತ್ತೊಂದು. ಕಣ್ಣು ಮಂಜಾಗಿ ಓಡಿಸುವುದನ್ನು ಬಿಟ್ಟಿದ್ದಳು, ನಾಲಿಗೆ ಮಾತ್ರ ಮಂಜಾಗಿರಲಿಲ್ಲ. ಭಾನುವಾರ ಚರ್ಚಿನಿಂದ ಬಂದವಳು ಕೊಟ್ಟಿಗೆಗೆ ಹೋಗಿ, ಸ್ಟಿಯರಿಂಗಿನ ಮುಂದೆ ಸ್ವಲ್ಪ ಹೊತ್ತು ಕೂತು, ಎದ್ದು ಬರುತ್ತಿದ್ದಳು. ಮಾರೋಣ ಎಂದ ಮಗನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದಳು.

ಅಂಥವಳ ಮುಂದೆ ಆವ್ರಿಲ್ ಚಹಾದ ಬಟ್ಟಲು ಹಿಡಿದು ಬಹಳ ಹೊತ್ತು ಹವಾಮಾನದ ಸುದ್ದಿ ಆಡಿದಳು.

"ಮರೀ, ಮಳೆ ಬರತ್ತೆ ಅಂತ ಹೇಳೋಕೆ ನೀನು ಇಷ್ಟು ದೂರ ಬಂದಿಲ್ಲ. ಏನು ಬೇಕು?" ಎಂದಳು ಡಲ್ಸಿ.

"ಅಮ್ಮಾ, ನಿಮ್ಮ ಕಾರು ಬೇಕಿತ್ತು."

"ಏನು ಮಾಡ್ತೀಯ?"

"ನಿಜ ಹೇಳ್ಲಾ? ಕತ್ತರಿಸ್ತೀನಿ. ಎಂಜಿನ್ನು, ಗೇರು, ಹಿಂದಿನ ಆಕ್ಸೆಲ್ಲು ತಗೊಂಡು ಬೇರೆ ಕಾರು ಕಟ್ತೀನಿ. ರೇಸಿಗೆ."

ಮುದುಕಿ ಸೊಸೆಯನ್ನು ತಲೆಯಿಂದ ಕಾಲಿನವರೆಗೂ ನೋಡಿದಳು.

"ನನ್ನ ಮಗ ಅದನ್ನ ಮಾರ್ತೀನಿ ಅಂದ. ಇನ್ನೊಬ್ಬ ಬಂದು ಗುಜರಿಗೆ ಹಾಕಿ ಅಂದ. ಓಡಿಸ್ತೀನಿ ಅಂದವಳು ನೀನೊಬ್ಬಳೇ. ತಗೊಂಡ್ಹೋಗು. ಆದ್ರೆ ಕತ್ತರಿಸುವಾಗ ನಾನು ಅಲ್ಲಿರ್ತೀನಿ. ಮತ್ತೆ ಹೊಸ ಕಾರಲ್ಲಿ ಮೊದಲು ಕೂರೋಳು ನಾನು."

ಹಾಗೇ ಆಯಿತು. ಡಲ್ಸಿ ಮಡಿಸುವ ಕುರ್ಚಿ, ಹೆಣಿಗೆ ಚೀಲ ಸಮೇತ ಗ್ಯಾರೇಜಿನ ಬಾಯಲ್ಲಿ ಠಿಕಾಣಿ ಹೂಡಿದಳು. ಹಿಂದಿನ ಸೀಟು ಎತ್ತಿದಾಗ ಅದರಡಿಯಲ್ಲಿ ಟಾಫಿ ಕಾಗದಗಳ ಜೊತೆ ಒಂದು ಬೆಳ್ಳಿ ಬಣ್ಣದ ನೃತ್ಯದ ಶೂ ಸಿಕ್ಕಿತು.

"ಅಯ್ಯೋ, ಅಲ್ಲಿತ್ತಾ! ಇದಕ್ಕಾಗಿ ನಿನ್ನ ಮಾವನ್ನ ಬೈದ ಬೈಗುಳ ದೇವರಿಗೇ ಗೊತ್ತು," ಎಂದಳು ಡಲ್ಸಿ. ರಾಯ್‌ಸ್ಟನ್ ಆ ಶೂ ಯಾವ ರಾತ್ರಿ ಹೇಗೆ ಅಲ್ಲಿಗೆ ಬಂತು ಎಂದು ಕೇಳಲು ಬಾಯಿ ತೆರೆದ, ತಾಯಿಯ ಮುಖ ನೋಡಿ ಮುಚ್ಚಿಕೊಂಡ.

ಬೆಸುಗೆ ಕಲಿಸಿದವನು ಕೆಲ್ವಿನ್. ಅದಕ್ಕೆ ಬದಲಾಗಿ ಅವನಿಗೂ ಅವನ ರೇಸಿನ ಸ್ನೇಹಿತರಿಗೂ ಆವ್ರಿಲ್ ಸೀಟು ಹೊಲಿಯಬೇಕು ಎಂದು ಒಪ್ಪಂದ. ಅವಳ ಮೊದಲ ಬೆಸುಗೆ ನೋಡಿ ಕೆಲ್ವಿನ್ ತಲೆಯೆತ್ತಿ ಮೇಲೆ ನೋಡಿದ. "ಏನು ನೋಡ್ತಿದ್ದೀಯ?" "ಈ ಹಿಕ್ಕೆ ಹಾಕಿದ ಕಾಗೆ ಎಲ್ಲಿ ಅಂತ." ಅವಳು ಕೈಗವಸು ತೆಗೆದು ಅವನಿಗೆಸೆದಳು. ವಾರಗಟ್ಟಲೆ ಕಾಗೆ ಹಾರಾಡಿತು. ಆಮೇಲೆ ಒಂದು ಸಂಜೆ ಕೈ ತಾನಾಗೇ ಹದಕ್ಕೆ ಬಂತು. ಹೊಲಿಗೆ ಯಂತ್ರದಲ್ಲಿ ದಪ್ಪ ಬಟ್ಟೆಯ ಅಂಚು ತಳ್ಳುವ ಹಾಗೆ, ಅವಸರವೂ ಇಲ್ಲದೆ ತಡವೂ ಮಾಡದೆ ಬೆಂಕಿಯನ್ನು ಮುಂದೆ ನಡೆಸಬೇಕು ಅಷ್ಟೆ.

ಮೊದಲ ಚೌಕಟ್ಟು ಸೊಟ್ಟಗಾಯಿತು. ಒಂದು ಮೂಲೆ ಹೆಬ್ಬೆರಳಿನಷ್ಟು ಆಚೆ ಸರಿದಿತ್ತು. ಅದನ್ನು ಕಂಡ ದಿನ ಆವ್ರಿಲ್ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತು ಅತ್ತಳು. ಕಾರೆಂದರೆ ಮುಖ ತಿರುಗಿಸುತ್ತಿದ್ದ ರಾಯ್‌ಸ್ಟನ್ ಒಳಗೆ ಬಂದ. ಸುತ್ತ ಒಂದು ಸಲ ನಡೆದ.

"ಮೂಲೆಯಿಂದ ಮೂಲೆಗೆ ದಾರ ಎಳೆದು ನೋಡಿದ್ಯಾ?"

"ಇಲ್ಲ."

"ಪಾತಿ ಮಾಡುವಾಗ ನಾನು ಮೊದಲು ಮಾಡೋದು ಅದೇ. ಎರಡೂ ದಾರ ಒಂದೇ ಉದ್ದ ಇರ್ಬೇಕು. ಏಳು, ನಾನು ಹಿಡ್ಕೋತೀನಿ."

ಕತ್ತರಿಸಿ, ದಾರ ಹಿಡಿದು, ಮತ್ತೆ ಬೆಸೆದರು. ಅಂದಿನಿಂದ ಭಾನುವಾರ ಅವನೂ ಗ್ಯಾರೇಜಿನಲ್ಲೇ. ಎರಡು ಚಳಿಗಾಲ ಕಳೆದು ಕಾರು ತನ್ನ ಕಾಲ ಮೇಲೆ ನಿಂತಿತು. ಮೂತಿ ಹಳದಿ, ಮೈ ಬೆಳ್ಳಿ. ಮೆತ್ತೆಯಂತೂ ಕೇಳಬೇಡಿ. ಮೂವತ್ತೈದು ವರ್ಷ ಊರವರ ಕುಂಡಿಗೆ ಸುಖ ಕೊಟ್ಟವಳು ತನ್ನದಕ್ಕೆ ಕಡಿಮೆ ಮಾಡುತ್ತಾಳೆಯೇ? ಕಡುಗೆಂಪು ಬಟ್ಟೆ, ಒಳಗೆ ಮೂರು ಪದರ ಸ್ಪಂಜು, ಅಂಚಿಗೆಲ್ಲ ಪಟ್ಟಿ.

ಮಾತು ಕೊಟ್ಟಿದ್ದಂತೆ ಡಲ್ಸಿಯೇ ಮೊದಲು ಕೂತಳು. ಅವಳನ್ನು ಒಳಗಿಳಿಸಲು ಮಗ ಸೊಸೆ ಇಬ್ಬರೂ ಬೇಕಾದರು. ತಲೆಗೆ ರುಮಾಲು, ಕಣ್ಣಿಗೆ ಬೆಸುಗೆಯ ಕನ್ನಡಕ. ಅತ್ತೆ ಸೊಸೆ ಕಡಲ ದಂಡೆಯ ಸಟನ್‌ವರೆಗೆ ಹೋಗಿ, ಅಲೆ ತಡೆಯುವ ಗೋಡೆಯ ಮೇಲೆ ಕೂತು ಮೀನು ಚಿಪ್ಸ್ ತಿಂದು ಬಂದರು.

"ನನ್ನ ಎಸ್ಕಾರ್ಟು ಯಾವತ್ತೂ ಹೀಗೆ ಓಡಿರ್ಲಿಲ್ಲ," ಎಂದಳು ಡಲ್ಸಿ.

"ನೀವು ಮೂರನೇ ಗೇರಿಂದ ಮೇಲೆ ಹೋಗಿದ್ರೆ ತಾನೇ?"

"ನಾಲ್ಕನೇದು ಇದೆ ಅಂತ ಯಾರೂ ಹೇಳಿರ್ಲಿಲ್ಲ ಕಣೇ."

ಆವ್ರಿಲ್‌ಳ ಮೊದಲ ರೇಸು ಕ್ಯಾಡ್‌ವೆಲ್‌ನ ರೇಸ್ ಟ್ರ್ಯಾಕಿನಲ್ಲಿ, ಏಪ್ರಿಲ್‌ನ ಒಂದು ಭಾನುವಾರ. ಪರೀಕ್ಷೆ ಬರೆದು, ವೈದ್ಯರಿಗೆ ತೋರಿಸಿ, ಲೈಸೆನ್ಸು ಪಡೆದಾಗಿತ್ತು. ಓಟಕ್ಕೆ ಮುಂಚೆ ಪ್ರತಿ ಕಾರನ್ನೂ ತಪಾಸಣೆಯವರು ನೋಡುತ್ತಾರೆ. ಅಂದು ನೋಡಿದವರು ಹೊರೇಸ್ ಎಲರ್ಬಿ ಎಂಬ ಬಿಳಿ ಮೀಸೆಯ ಹಿರಿಯರು. ಬ್ರೇಕು, ಬೆಲ್ಟು, ಬೆಸುಗೆ ಎಲ್ಲ ತಟ್ಟಿ ನೋಡಿ ತಲೆಯಾಡಿಸಿದರು. ಕೊನೆಗೆ ಹೆಲ್ಮೆಟ್ ಹಾಕಿ ಕೂರಲು ಹೇಳಿದರು. ಕಾರು ಮಗುಚಿದರೆ ತಲೆ ಕಾಯಲೆಂದು ಸೀಟಿನ ಹಿಂದೆ ಒಂದು ಕಮಾನಿನ ಕಂಬಿ ಇರುತ್ತದೆ. ತಲೆ ಅದಕ್ಕಿಂತ ಎರಡು ಬೆರಳಾದರೂ ಕೆಳಗಿರಬೇಕು. ಎಲರ್ಬಿಯವರು ಒಂದು ನೇರ ಪಟ್ಟಿ ಹಿಡಿದು ನೋಡಿದರು. ಹೆಲ್ಮೆಟ್ಟು ಕಂಬಿಗಿಂತ ಮೇಲೆ ನಿಂತು ಸುತ್ತಲಿನ ದೃಶ್ಯ ನೋಡುತ್ತಿತ್ತು.

"ಮೇಡಂ, ಈ ಸೀಟು ಯಾರು ಮಾಡಿದ್ದು?"

"ನಾನೇ."

"ತುಂಬಾ ಚೆನ್ನಾಗಿದೆ. ತೆಗೀಬೇಕು."

ಆವ್ರಿಲ್‌ಗೆ ನಗು ಬಂತು. ಕಾರನ್ನು ಪಕ್ಕಕ್ಕೆ ತಳ್ಳಿಸಿ, ತಾನು ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿ, ಸ್ಪಂಜನ್ನೆಲ್ಲ ಹುಲ್ಲಿನ ಮೇಲೆ ಎಳೆದು ಹಾಕಿದಳು. ಬರೀ ತಗಡಿನ ಮೇಲೆ ಕೂತಾಗ ತಲೆಯೇನೋ ಕೆಳಗಿಳಿಯಿತು. ಆದರೆ ಗಿಡ್ಡ ಹೆಂಗಸು, ಕಾಲು ಬ್ರೇಕಿಗೆ ಎಟುಕಲಿಲ್ಲ. ಮುಂದೆ ಕಾಣುವುದು ಸ್ಟಿಯರಿಂಗು, ಅದರಾಚೆ ಮೋಡ.

"ಚೆನ್ನಾಯ್ತು. ನಮ್ಮ ಸೊಸೆ ನಕ್ಷತ್ರ ನೋಡ್ಕೊಂಡು ಓಡಿಸ್ತಾಳೆ," ಎಂದಳು ಕುರ್ಚಿಯಲ್ಲಿದ್ದ ಡಲ್ಸಿ, ಒಣದ್ರಾಕ್ಷಿ ಹಾಕಿದ ಪ್ಲಮ್ ಬ್ರೆಡ್ಡಿನ ಮೇಲೆ ಚೀಸ್ ಇಟ್ಟುಕೊಳ್ಳುತ್ತ.

ಸುದ್ದಿ ಹರಡಿ, ರೇಸಿಗೆಂದು ಪಕ್ಕದಲ್ಲಿ ಡೇರೆ ಹಾಕಿದ್ದವರೆಲ್ಲ ಬಂದರು. ಗ್ರ್ಯಾಂಥಮ್ಮಿನ ಅಂಚೆಯವನೊಬ್ಬ ತಾನು ಮಲಗುವ ತೆಳು ಚಾಪೆಯನ್ನೇ ತಂದು ಕೊಟ್ಟ. ಅಂದು ಆವ್ರಿಲ್‌ಳ ಎದುರಾಳಿಗಳಲ್ಲಿ ಅವನೂ ಒಬ್ಬ. ಅವಳು ಚಾಪೆಯನ್ನು ಸೀಟಿಗೆ ಹಾಸಿ, ಸ್ಪಂಜನ್ನು ಒಂದು ತುದಿ ದಪ್ಪ, ಒಂದು ತುದಿ ತೆಳುವಾಗಿ ಕತ್ತರಿಸಿ ಬೆನ್ನ ಹಿಂದೆ ಇಟ್ಟಳು. ಮೈ ಮುಂದೆ ಬಂತು, ಕಾಲು ಎಟುಕಿತು, ಕತ್ತು ನೆಟ್ಟಗಾಗಿ ರಸ್ತೆ ಕಂಡಿತು, ತಲೆ ಕಂಬಿಯ ಕೆಳಗೇ ಉಳಿಯಿತು. ಆದರೆ ಜಾರದಂತೆ ಹೊಲಿಯಬೇಕಲ್ಲ? ಸೂಜಿ ಅವಳ ಚೀಲದಲ್ಲಿತ್ತು, ಗಟ್ಟಿ ದಾರ ಇರಲಿಲ್ಲ. ರಾಯ್‌ಸ್ಟನ್ ಕೋಟಿನ ಜೇಬಿಗೆ ಕೈ ಹಾಕಿ ಈರುಳ್ಳಿಯ ಕುತ್ತಿಗೆ ಕಟ್ಟುವ ಹುರಿಯ ಉಂಡೆ ತೆಗೆದ. ಹುಲ್ಲಿನ ಮೇಲೆ ಮಂಡಿಯೂರಿ ಹೊಲಿದಳು. ಎಲರ್ಬಿಯವರು ಮತ್ತೆ ಬಂದು ಪಟ್ಟಿ ಹಿಡಿದು, ಒಪ್ಪಿಗೆಯ ಚೀಟಿ ಅಂಟಿಸಿ, "ಇದೂ ಚೆನ್ನಾಗಿದೆ" ಎಂದು ಮುಂದೆ ಹೋದರು.

ತಡವಾದ್ದರಿಂದ ಅಭ್ಯಾಸಕ್ಕೆ ಸಿಕ್ಕಿದ್ದು ಕೆಲವೇ ಸುತ್ತು. ಅಭ್ಯಾಸದ ವೇಗ ನೋಡಿಯೇ ಸಾಲು ನಿಲ್ಲಿಸುವುದು, ಹಾಗಾಗಿ ಎಲ್ಲರಿಗಿಂತ ಹಿಂದೆ ನಿಲ್ಲಬೇಕಾಯಿತು. ನಮ್ಮ ಕಡೆಯ ನೆಲ ರೊಟ್ಟಿ ಹೆಂಚಿನಂತೆ ಸಪಾಟು. ಕ್ಯಾಡ್‌ವೆಲ್ ಹಾಗಲ್ಲ, ಗುಡ್ಡದ ಮೇಲೆ ಹಾಸಿದ ರಸ್ತೆ. ಒಂದು ಕಡೆ ದಿಬ್ಬ ಎಷ್ಟು ಕಡಿದೆಂದರೆ ಹತ್ತಿದ ಕಾರು ತುದಿಯಲ್ಲಿ ನೆಲ ಬಿಡುತ್ತದೆ. ಮೊದಲ ಸಲ ಚಕ್ರಗಳು ಹಗುರಾದಾಗ ಆವ್ರಿಲ್ ಹೆಲ್ಮೆಟ್ಟಿನೊಳಗೇ ಜೋರಾಗಿ ಕಿರುಚಿದಳು. ಎರಡನೇ ಸಲ ಕಿರುಚಿದ್ದು ಭಯಕ್ಕಲ್ಲ. ಮೂರನೇ ಸಲ ಆ ಸಂಭ್ರಮದಲ್ಲೇ ಮುಂದಿನ ತಿರುವಿಗೆ ಬ್ರೇಕು ಒತ್ತಲು ತಡವಾಗಿ, ಕಾರು ಬುಗುರಿಯಂತೆ ತಿರುಗಿ ಹುಲ್ಲಿಗಿಳಿದು, ಬಂದ ದಾರಿಗೇ ಮುಖ ಮಾಡಿ ನಿಂತಿತು. ಅಲ್ಲಿಯವರೆಗೆ ಅವಳು ಹಿಂದೆ ಹಾಕಿದ್ದ ಕಾರುಗಳೆಲ್ಲ ಎದುರಿನಿಂದ ಬಂದು ಪಕ್ಕದಲ್ಲೇ ಹಾದು ಹೋದವು. ಅಂಚೆಯವನು ಕೈ ಬೀಸಿಯೇ ಹೋದ. ಅವಳು ಉಸಿರು ಬಿಟ್ಟು, ಗೇರು ಹಾಕಿ, ದಾರಿ ತಿರುಗಿಸಿ ಮತ್ತೆ ಸೇರಿಕೊಂಡಳು.

ಕೊನೆಯ ಸುತ್ತಿನಲ್ಲಿ ಅವಳ ಮುಂದೆ ಒಂದು ನೀಲಿ ಕಾರು. ಅದರವನು ಪ್ರತಿ ತಿರುವಿನಲ್ಲೂ ರಸ್ತೆಯ ಹೊರ ಅಂಚಿಗೆ ಸರಿಯುತ್ತಿದ್ದ. ಎರಡು ತಿರುವು ಕಾದು, ಮೂರನೆಯದರಲ್ಲಿ ಒಳಗಡೆಯಿಂದ ಮೂತಿ ತೂರಿಸಿದಳು. ಪಕ್ಕಪಕ್ಕದಲ್ಲೇ ಮರಗಳ ನಡುವೆ ಇಳಿದರು. ಗೆರೆ ದಾಟುವಾಗ ಹಳದಿ ಮೂತಿ ಒಂದು ಮೊಳ ಮುಂದಿತ್ತು.

ಕಾರು ನಿಲ್ಲಿಸಿ ಅವಳು ಬೆಲ್ಟು ಬಿಚ್ಚಿದಳು. ಆರನೆಯವನಾಗಿ ಬಂದ ಕೆಲ್ವಿನ್ ಓಡಿ ಬಂದು ಎತ್ತಿದ.

"ನಾನೆಷ್ಟನೇದು?" ಎಂದು ಕೇಳಿದಳು.

"ಕೊನೆಯಿಂದ ಎರಡನೇದು."

"ಕೊನೆಯವಳಲ್ಲ!" ಡಲ್ಸಿ ಕುರ್ಚಿಯ ಕೈ ಗುದ್ದಿ ಕೂಗಿದಳು. "ಕೇಳಿಸ್ತೇನೋ ರಾಯ್? ನನ್ನ ಎಂಜಿನ್ನು ಕೊನೇಲಿ ಬಂದಿಲ್ಲ!"

ರಾಯ್‌ಸ್ಟನ್‌ಗೆ ಕೇಳಿಸಿತ್ತು. ಅವನು ಹೆಂಡತಿಯ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಬಹುಮಾನದ ಈರುಳ್ಳಿಯನ್ನು ನೋಡುವ ಹಾಗೆ ನೋಡುತ್ತ ನಿಂತಿದ್ದ.

ಆಮೇಲೆ ಆವ್ರಿಲ್ ಒಂಬತ್ತು ವರ್ಷ ಓಡಿಸಿದಳು. ಗೆದ್ದದ್ದು ಒಂದೂ ಇಲ್ಲ. ಮಳೆ ಹೊಯ್ದ ಒಂದು ಭಾನುವಾರ ಅವಸರದವರೆಲ್ಲ ಹುಲ್ಲಿಗಿಳಿದಾಗ ನಾಲ್ಕನೆಯವಳಾಗಿ ಬಂದದ್ದೇ ದೊಡ್ಡದು. ಡಲ್ಸಿ ಮೂರು ಬೇಸಿಗೆ ನೋಡಿದಳು, ಮೂರರಲ್ಲೂ ಬಾಯಿ ಮುಚ್ಚಲಿಲ್ಲ. ಅದರ ಮುಂದಿನ ಚಳಿಗಾಲ ನಿದ್ದೆಯಲ್ಲೇ ಹೋದಳು. ಕ್ಯಾರವಾನ್ ಕಾರ್ಖಾನೆ ಮುಚ್ಚಿದಾಗ ಆವ್ರಿಲ್ ತನ್ನ ಹೊಲಿಗೆ ಯಂತ್ರವನ್ನು ಅಲ್ಲಿಂದ ಕೊಂಡು ತಂದಳು. ಅಷ್ಟರಲ್ಲಿ ಕಾರು ಕಟ್ಟುವವರೆಲ್ಲ ತಗಡಿನ ಬುಟ್ಟಿ ಹಿಡಿದು ಅವಳ ಬಾಗಿಲಿಗೇ ಬರತೊಡಗಿದ್ದರು.

ಬಂದವರನ್ನು ಅವಳು ಮೊದಲು ಹೆಲ್ಮೆಟ್ ಹಾಕಿಸಿ ಕೂರಿಸುತ್ತಾಳೆ, ಆಮೇಲೆ ಕತ್ತರಿ ಹಿಡಿಯುತ್ತಾಳೆ. ಈ ವಸಂತದಲ್ಲಿ ಲೌತ್‌ನಿಂದ ಒಬ್ಬಳು ನರ್ಸ್ ಬಂದಿದ್ದಳು, ಆರಡಿ ಎತ್ತರದವಳು. ತಲೆ ಕಂಬಿಗಿಂತ ಮೇಲೆ ಬರುತ್ತದೆ, ಏನು ಮಾಡುವುದು ಎಂದು ಅಳುಮುಖ ಮಾಡಿದಳು. ಆವ್ರಿಲ್ ಕನ್ನಡಕ ಏರಿಸಿ ಸುತ್ತ ನಡೆದು ನೋಡಿದಳು.

"ನೆಲದ ತಗಡನ್ನೇ ಸ್ವಲ್ಪ ಕೆಳಗಿಳಿಸೋಣ ಮರೀ. ಬೆಸುಗೆ ಬರತ್ತಾ ನಿಂಗೆ?"

"ಇಲ್ಲ."

"ಸರಿ, ಚಹಾ ಕುಡಿ. ಆಮೇಲೆ ಶುರು ಮಾಡೋಣ."